ಅಪ್ಪನ 22, ಟೈಲರ್ ಹೇಳಿದ 28, ಗೋಡೆ ತೋರಿಸಿದ 76

ಕದ್ವಾಡದ ನಮ್ಮ ಮನೆಯ ಹಿಂಬದಿ ಗೋಡೆಯ ಮೇಲೆ, ನೆಲದಿಂದ ಸರಿಯಾಗಿ 76 ಸೆಂ.ಮೀ. ಎತ್ತರದಲ್ಲಿ ಒಂದು ಪೆನ್ಸಿಲ್ ಗೆರೆಯಿದೆ. ಅದನ್ನು ಎಳೆಯಲು ಖರ್ಚಾದದ್ದು ಸೊನ್ನೆ ರೂಪಾಯಿ. ಎಂಟು ತಿಂಗಳು ತಡವಾಗಿ ಎಳೆದದ್ದಕ್ಕೆ ದಂಡ ತೆತ್ತದ್ದು 12,000 ರೂಪಾಯಿ. ದಂಡದ ಲೆಕ್ಕವನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ಮೊದಲು 22ರ ಕತೆ.

ಅಪ್ಪನದು 22 ಇಂಚಿನ ಕರಿ ಸೈಕಲ್. ನಾನು ಅದರಲ್ಲೇ ಒಳಪೆಡಲ್ ಹೊಡೆದು ಕಲಿತೆ, ಆಮೇಲೆ ಅಡ್ಡ ಬಾರಿನ ಮೇಲೆ ಕಾಲು ಹಾಯಿಸಿದೆ, ಕಾಲೇಜಿನ ಹೊತ್ತಿಗೆ ಸೀಟಿಗೇ ಏರಿದೆ. ಕದ್ವಾಡದಿಂದ ಕಾರವಾರಕ್ಕೆ ಏಳೆಂಟು ಕಿಲೋಮೀಟರ್, ದಿನಕ್ಕೆ ಎರಡು ಸಲ. (ಕಾರವಾರಕ್ಕೆ ಹೆಸರು ಬಂದದ್ದೇ ನಮ್ಮ ಕದ್ವಾಡದಿಂದ ಎನ್ನುವುದನ್ನು ಊರವರು ಸಂದರ್ಭ ಇಲ್ಲದಿದ್ದರೂ ಹೇಳುತ್ತಾರೆ. ನಾನೂ ಹೇಳಿಬಿಟ್ಟೆ.) ವರ್ಷಗಳ ನಂತರ ಡ್ರಾಪ್ ಹ್ಯಾಂಡಲಿನ, ತೆಳು ಟೈರಿನ ರೋಡ್ ಬೈಕ್ ಕೊಳ್ಳುವ ಹುಚ್ಚು ಹತ್ತಿತು. ಸೆಕೆಂಡ್‌ಹ್ಯಾಂಡ್ ಒಂದು ಸಿಕ್ಕಿತು. ಫ್ರೇಮಿನ ಮೇಲೆ 56 ಎಂಬ ಚಿಕ್ಕ ಸ್ಟಿಕ್ಕರ್. 22 ಇಂಚನ್ನು 2.54ರಿಂದ ಗುಣಿಸಿದರೆ 55.9. ಅಪ್ಪನ ಸೈಕಲ್ಲಿನ ಅಳತೆಯೇ! ನನ್ನ ಕಾಲಿಗೆ ಗೊತ್ತಿರುವ ಸೈಜು ಎಂದುಕೊಂಡು 24,000 ಎಣಿಸಿಕೊಟ್ಟೆ.

ಗುಣಾಕಾರ ಸರಿಯಿತ್ತು, ತಪ್ಪಿದ್ದು ಹೋಲಿಕೆ. ಕರಿ ಸೈಕಲ್ಲಿನ ಹ್ಯಾಂಡಲು ಸವಾರನ ಕಡೆಗೇ ಬಾಗಿ ಬರುತ್ತದೆ. ಕೈ ಹೊಟ್ಟೆಯ ಹತ್ತಿರ, ಬೆನ್ನು ನೆಟ್ಟಗೆ. ಫ್ರೇಮು ಎಷ್ಟು ಉದ್ದವಿದ್ದರೂ ಗೊತ್ತಾಗುವುದಿಲ್ಲ. ರೋಡ್ ಬೈಕಿನಲ್ಲಿ ಇದು ಪೂರ್ತಿ ಉಲ್ಟಾ. ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್ಮು ಹತ್ತೋ ಹನ್ನೊಂದೋ ಸೆಂ.ಮೀ. ಮುಂದಕ್ಕೆ ಚಾಚುತ್ತದೆ, ಅಲ್ಲಿಂದ ಹ್ಯಾಂಡಲು ಇನ್ನೂ ಏಳೆಂಟು ಸೆಂ.ಮೀ. ಮುಂದೆ ಹೋಗಿ ಬಾಗುತ್ತದೆ, ಬ್ರೇಕಿನ ಹಿಡಿ ಅದರಾಚೆ. ಅಪ್ಪನ 22ರಲ್ಲಿ ಕೂತವನಿಗೆ 56ರಲ್ಲಿ ತೆಕ್ಕೆ ಹಾಯಲಿಲ್ಲ.

ಇಂಚಿನ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಮಕ್ಕಳಿಗೆ ‘20 ಇಂಚು’, ‘24 ಇಂಚು’ ಎಂದರೆ ಅದು ಗಾಲಿಯ ಅಳತೆ. ಅಪ್ಪನ ‘22 ಇಂಚು’ ಫ್ರೇಮಿನ ಅಳತೆ. ಅದರ ಗಾಲಿ 28. ಗೇರ್ ಸೈಕಲ್ಲಿನ 26 ಮತ್ತೆ ಗಾಲಿಯದ್ದು. ರೋಡ್ ಬೈಕಿನಲ್ಲಿ ಗಾಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ, 700ಸಿ ಎನ್ನುವ ಜಾತಿ. ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 622 ಮಿ.ಮೀ. ಕರಿ ಸೈಕಲ್ಲಿನ 28 ಇಂಚಿನದು 635 ಮಿ.ಮೀ., ಹಾಗಾಗಿ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ರೋಡ್ ಬೈಕಿನ ಅಂಗಡಿಗೆ ಹೋಗಿ ‘ಎಷ್ಟು ಇಂಚಿನದು?’ ಎಂದು ಕೇಳಿದರೆ ಕೇಳಿದವನಿಗೂ ಹೇಳಿದವನಿಗೂ ಬೇರೆಬೇರೆ ಅರ್ಥ ಆಗುತ್ತದೆ. ಸೆಂಟಿಮೀಟರಿನಲ್ಲಿ ಫ್ರೇಮು ಕೇಳಬೇಕು.

ಆ ಫ್ರೇಮಿನ ಸಂಖ್ಯೆ ಎಲ್ಲಿಂದ ಎಲ್ಲಿಗೆ? ಪೆಡಲಿನ ಕ್ರ್ಯಾಂಕು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಪೈಪು ಇಳಿಯುವ ಟ್ಯೂಬಿನ ತುದಿಯವರೆಗೆ. ಕೆಲವರು ತುದಿಯವರೆಗೆ ಅಳೆಯದೆ ಅಡ್ಡ ಟ್ಯೂಬಿನ ನಡುಗೆರೆಗೇ ನಿಲ್ಲಿಸುತ್ತಾರೆ. ಆಗ ಅದೇ ಫ್ರೇಮು ಒಂದು ಸೆಂ.ಮೀ.ಗಿಂತ ಹೆಚ್ಚು ಚಿಕ್ಕದಾಗಿ ಕಾಣುತ್ತದೆ. ಹಳೆಯ ಸೂತ್ರದಲ್ಲಿ ಎರಡು ಗುಣಕ ಇರುವುದು ಇದಕ್ಕೇ: ಒಳಗಾಲಿನ ಉದ್ದವನ್ನು 0.65ರಿಂದ ಗುಣಿಸಿದರೆ ನಡುಗೆರೆಯ ಅಳತೆ, 0.67ರಿಂದ ಗುಣಿಸಿದರೆ ತುದಿಯ ಅಳತೆ. 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಇದನ್ನು ಜನಪ್ರಿಯ ಮಾಡಿದ. ಅವನಿಗೆ ಹೇಳಿಕೊಟ್ಟವನು ಫ್ರೆಂಚ್ ತರಬೇತುದಾರ ಸಿರಿಲ್ ಗಿಮಾರ್. ಅವರದೇ ಇನ್ನೊಂದು ಸಂಖ್ಯೆ 0.883. ಒಳಗಾಲನ್ನು ಅದರಿಂದ ಗುಣಿಸಿದರೆ ಕ್ರ್ಯಾಂಕಿನ ಅಚ್ಚಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಎತ್ತರ ಸಿಗುತ್ತದೆ.

ಎಲ್ಲವೂ ನಿಂತಿರುವುದು ಒಳಗಾಲಿನ ಮೇಲೆ. ನಾನು ಎರಡನೆಯ ಸಲ ಎಡವಿದ್ದು ಅಲ್ಲಿಯೇ. 56 ದೊಡ್ಡದಾಯಿತು ಎಂದು ತಿಳಿದ ಮೇಲೆ ಜಾಣನಾಗಿ ಟೈಲರ್ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ನನ್ನ ಪ್ಯಾಂಟು ಹೊಲಿಯುವವರು, ಪುಸ್ತಕ ತೆರೆಯದೆ ಹೇಳಿದರು, “ಒಳಗೆ 28, ಮಾರಾಯ್ರೆ. ನಿಮ್ಮದು ಬದಲಾಗೂದೇ ಇಲ್ಲ.” 28 ಇಂಚು ಅಂದರೆ 71.1 ಸೆಂ.ಮೀ. ಅದನ್ನು 0.67ರಿಂದ ಗುಣಿಸಿದರೆ 47.6. ಅಂದರೆ 48ರ ಫ್ರೇಮು. ಪುಣ್ಯಕ್ಕೆ ಆ ವಾರ ಎಲ್ಲಿಯೂ 48 ಸಿಗಲಿಲ್ಲ.

ಟೈಲರ್ ಟೇಪು ಹಿಡಿಯುವುದು ಬಟ್ಟೆಯ ಹೊಲಿಗೆಯಿಂದ. ಹೊಲಿಗೆ ಮೈಗಿಂತ ಕೆಳಗೆ ಸಡಿಲವಾಗಿ ತೂಗುತ್ತದೆ. ಇನ್ನೊಂದು ತುದಿ ನೆಲ ಮುಟ್ಟುವ ಮೊದಲೇ, ಚಪ್ಪಲಿಯ ಮೇಲೆ ನಿಲ್ಲುತ್ತದೆ. ಪ್ಯಾಂಟಿಗೆ ಅದು ಸರಿ. ಸೈಕಲ್ಲಿಗೆ ಬೇಕಾದದ್ದು ಬರಿಗಾಲು ಊರಿದ ನೆಲದಿಂದ, ಸೀಟು ಒತ್ತುವ ಎಲುಬಿನ ತನಕ.

ಅಳೆದ ಬಗೆ ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ರಟ್ಟಿನ ಹೊದಿಕೆಯ ದಪ್ಪ ನಿಘಂಟೊಂದನ್ನು ತೊಡೆಗಳ ನಡುವೆ ಸಿಕ್ಕಿಸಿ, ಅದರ ಒಂದು ಅಂಚು ಗೋಡೆಗೆ ಪೂರ್ತಿ ಅಂಟಿರುವಂತೆ ಮೇಲಕ್ಕೆ ಎಳೆದೆ. ಗೋಡೆಗೆ ಅಂಟಿದರೆ ಪುಸ್ತಕ ಓರೆಯಾಗುವುದಿಲ್ಲ, ಗುಟ್ಟು ಅಷ್ಟೇ. ಎಷ್ಟು ಜೋರಾಗಿ ಎಳೆಯಬೇಕು? ಸೀಟಿನ ಮೇಲೆ ಕೂತಾಗ ಬೀಳುವ ಭಾರದಷ್ಟು. ನಾಚಿಕೆಪಟ್ಟು ಹಗುರಾಗಿ ಹಿಡಿದರೆ ಒಂದೂವರೆ ಸೆಂಟಿಮೀಟರ್ ಅಲ್ಲೇ ಕಳೆದುಹೋಗುತ್ತದೆ. ಅಕ್ಕನ ಮಗಳು ಬಂದು ಪುಸ್ತಕದ ಮೇಲಂಚಿಗೆ ಪೆನ್ಸಿಲ್ ಗೆರೆ ಎಳೆದಳು. ಮೂರು ಸಲ: 75.8, 76.3, 75.9. ಸರಾಸರಿ 76.0. ಟೈಲರ್ ಲೆಕ್ಕಕ್ಕೂ ಗೋಡೆಯ ಲೆಕ್ಕಕ್ಕೂ 4.9 ಸೆಂ.ಮೀ. ವ್ಯತ್ಯಾಸ. ಫ್ರೇಮಿನಲ್ಲಿ ಅದು 3.3 ಸೆಂ.ಮೀ., ಅಂದರೆ ಎರಡೆರಡು ಸೆಂ.ಮೀ. ಏರುವ ಸೈಜುಗಳಲ್ಲಿ ಒಂದೂವರೆ ಮೆಟ್ಟಿಲು.

76ಕ್ಕೆ 0.65 ಗುಣಿಸಿದರೆ 49.4, 0.67 ಗುಣಿಸಿದರೆ 50.9. ನನ್ನ ಫ್ರೇಮು 50 ಅಥವಾ 51. ಕೊಂಡದ್ದು 56.

ಈಗ 56ರ ಮೇಲೆ ನಿಂತಾಗ ಏನಾಗುತ್ತಿತ್ತು ಎಂಬುದಕ್ಕೆ ಲೆಕ್ಕ ಕೊಡಬಹುದು. 25 ಮಿ.ಮೀ. ಟೈರು ಹಾಕಿದ 700ಸಿ ಗಾಲಿಯ ಅಚ್ಚು ನೆಲದಿಂದ 33.6 ಸೆಂ.ಮೀ. ಮೇಲಿರುತ್ತದೆ. ಕ್ರ್ಯಾಂಕಿನ ಅಚ್ಚು ಅದಕ್ಕಿಂತ 7 ಸೆಂ.ಮೀ. ಕೆಳಗೆ, ಅಂದರೆ 26.6ರಲ್ಲಿ. ಅಲ್ಲಿಂದ 56 ಸೆಂ.ಮೀ.ನ ಟ್ಯೂಬು 73 ಡಿಗ್ರಿ ಓರೆಯಲ್ಲಿ ಏರಿದರೆ ನೇರ ಎತ್ತರ 53.6. ಕೂಡಿಸಿದರೆ 80.2. ಅಡ್ಡ ಟ್ಯೂಬು ನೆಲಕ್ಕೆ ಸಮಾನಾಂತರವಿರುವ ಹಳೆ ಮಾದರಿಯ ಫ್ರೇಮಾದ್ದರಿಂದ ಅದರ ಎತ್ತರವೂ ಅಷ್ಟೇ. ನನ್ನ ಒಳಗಾಲು 76, ಬೂಟಿನ ಅಟ್ಟೆ 2, ಒಟ್ಟು 78. ಟ್ಯೂಬೇ 2.2 ಸೆಂ.ಮೀ. ಎತ್ತರ! ಕೈಗಾ ರಸ್ತೆಯ ತಿರುವಿನಲ್ಲಿ ಟಿಪ್ಪರ್ ಎದುರಾಗಿ ಒಮ್ಮೆಲೇ ಕಾಲೂರಿದ ದಿನ ಈ 2.2ರ ಅನುಭವ ಸಂಪೂರ್ಣವಾಗಿ ಆಯಿತು, ಹೆಚ್ಚು ವಿವರಿಸುವುದಿಲ್ಲ. 51ರ ಫ್ರೇಮಿಗೆ ಅದೇ ಲೆಕ್ಕ ಹಾಕಿದರೆ 75.4, ಅಂದರೆ 2.6 ಸೆಂ.ಮೀ. ಬಿಡುವು. ಸಾಕು.

ಆದರೆ ಕಾಲು ಊರುವುದು ದಿನಕ್ಕೆ ಹತ್ತೋ ಹದಿನೈದೋ ಸಲ. ತುಳಿಯುವುದು ಎಷ್ಟು ಸಲ? ಕಾರವಾರದಿಂದ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 35 ಕಿ.ಮೀ. ಮುಂದೆ 34 ಹಲ್ಲು, ಹಿಂದೆ 17 ಹಲ್ಲಿನ ಗೇರಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಗಾಲಿ ಎರಡು ಸುತ್ತು. ಗಾಲಿಯ ಸುತ್ತಳತೆ 2.105 ಮೀಟರ್, ಹಾಗಾದರೆ ಒಂದು ತುಳಿತಕ್ಕೆ 4.21 ಮೀಟರ್. 35,000ವನ್ನು ಭಾಗಿಸಿ: 8,314 ಸುತ್ತು. ನಿಮಿಷಕ್ಕೆ 80 ಸುತ್ತಿನಂತೆ 1 ಗಂಟೆ 44 ನಿಮಿಷ. ಬಿಣಗಾ ಏರು, ಗಾಳಿ, ಚಹಾ ಇವೆಲ್ಲ ಬೇರೆ. ಹೋಗಿ ಬಂದರೆ 16,600ಕ್ಕೂ ಹೆಚ್ಚು. ಸೀಟು ಒಂದು ಸೆಂ.ಮೀ. ಹೆಚ್ಚಿದ್ದರೆ ಸೊಂಟ ಅಷ್ಟೂ ಸಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ. ಹ್ಯಾಂಡಲು ದೂರವಿದ್ದರೆ ಮೈಭಾರ ಅಷ್ಟು ಹೊತ್ತೂ ಅಂಗೈಯ ಮೇಲೆ. ನನಗೆ ಅಮದಳ್ಳಿ ದಾಟುವ ಹೊತ್ತಿಗೆ ಕಿರುಬೆರಳು ಜೋಮು ಹಿಡಿಯುತ್ತಿತ್ತು, ಅವರ್ಸಾದಲ್ಲಿ ಇಳಿದು ಕೈ ಕೊಡವುತ್ತಿದ್ದೆ. ಅಂಕೋಲೆಯಲ್ಲಿ ಕುತ್ತಿಗೆ ಹೊರಳುತ್ತಿರಲಿಲ್ಲ. ‘ಹೊಸತಲ್ವಾ, ರೂಢಿ ಆಗ್ತದೆ’ ಎಂದರು ಎಲ್ಲರೂ. ಎಂಟು ತಿಂಗಳು ರೂಢಿಗಾಗಿ ಕಾದೆ.

ಕಾಯುತ್ತ ಸುಮ್ಮನೆ ಕೂರಲಿಲ್ಲ, ರಿಪೇರಿ ಮಾಡಿಸಿದೆ. ಸ್ಟೆಮ್ಮು 110 ಮಿ.ಮೀ.ನಿಂದ 80ಕ್ಕೆ ಇಳಿಸಿದ್ದಕ್ಕೆ 1,200. ಹ್ಯಾಂಡಲಿನ ಅಗಲ 44 ಸೆಂ.ಮೀ. ಇದ್ದದ್ದು 40 ಆಗಲು 1,600. ಬಿಚ್ಚಿದ ಮೇಲೆ ಹ್ಯಾಂಡಲಿಗೆ ಸುತ್ತಿದ ಹಳೆ ಟೇಪು ಬರುವುದಿಲ್ಲ, ಹೊಸತಕ್ಕೆ 500. ಕೇಬಲ್ಲು ಮತ್ತು ಕೂಲಿ 700. ಸೀಟನ್ನು ಮುಂದಕ್ಕೆ ತರಲು ಬಾಗು ಇಲ್ಲದ ನೇರ ಸೀಟ್ ಪೋಸ್ಟು ಹಾಕಿಸಲು ಹೋದಾಗ ಹಳೆಯದು ಅಲುಗಲೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ನಮ್ಮ ಕರಾವಳಿಯ ಸ್ವಂತ ಖರ್ಚು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸಿನ ಮಳೆ, ಉಳಿದ ದಿನ ಉಪ್ಪುಗಾಳಿ. ಅಲ್ಯೂಮಿನಿಯಂ ಪೋಸ್ಟು ಉಕ್ಕಿನ ಫ್ರೇಮಿನೊಳಗೆ ಕೂತು, ನಡುವೆ ಉಪ್ಪುನೀರು ಸೇರಿದರೆ ಎರಡು ಲೋಹ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಬಿರಡೆ ಹೊಡೆದಂತೆ ಬಿಗಿ. ನನ್ನದರಲ್ಲಿ ಬೋಲ್ಟು ಸಡಿಲಿಸಿದ ಮೇಲೂ ಇಬ್ಬರು ಸೇರಿ ತಿರುಗಿಸಿದರೆ ಸೀಟು ತಿರುಚಿಕೊಂಡಿತೇ ಹೊರತು ಪೋಸ್ಟು ಕದಲಲಿಲ್ಲ. ಎರಡು ದಿನ ಎಣ್ಣೆ ಬಿಟ್ಟು, ಮೂರನೆಯ ದಿನ ಪೋಸ್ಟಿನ ತಲೆಯನ್ನು ಬೆಂಚಿನ ವೈಸಿಗೆ ಕಚ್ಚಿಸಿ ಇಡೀ ಸೈಕಲ್ಲನ್ನೇ ಸನ್ನೆಯಂತೆ ತಿರುಗಿಸಿದಾಗ ಕಿರುಚಿಕೊಂಡು ಹೊರಬಂತು. ಬುಡದಲ್ಲಿ ಹಾಲಿನ ಕೆನೆಯಂಥ ಬಿಳಿ ಪೊರೆ. ಬಿಡಿಸಿದ ಕೂಲಿ, ಹೊಸ ಪೋಸ್ಟು ಸೇರಿ 1,500. ಆದ್ದರಿಂದ ಈ ಕಡೆ ಸೆಕೆಂಡ್‌ಹ್ಯಾಂಡ್ ನೋಡುವವರು ಬಣ್ಣ, ಗೇರು ನೋಡುವ ಮೊದಲು ಸೀಟಿನ ಬೋಲ್ಟು ಸಡಿಲಿಸಿ ಪೋಸ್ಟನ್ನು ಒಂದಿಂಚು ಮೇಲೆ ಕೆಳಗೆ ಆಡಿಸಿ ನೋಡಿ. ಆಡದಿದ್ದರೆ ಫ್ರೇಮಿನ ಸೈಜು ಯಾವುದಿದ್ದರೂ ನಿಮ್ಮದಲ್ಲ. ಹಿಂದಿನವನ ಕಾಲಿಗೆ ಬೆಸುಗೆಯಾದದ್ದು.

ಒಟ್ಟು ರಿಪೇರಿ 5,500. ಕೊಂಡ ಬೆಲೆ ಸೇರಿದರೆ 29,500. ಮಾರಿದ್ದು 17,500ಕ್ಕೆ. ದಂಡ 12,000. ಅಷ್ಟರಲ್ಲಿ ಓಡಿಸಿದ್ದು 640 ಕಿ.ಮೀ., ಅಂದರೆ ಕಿಲೋಮೀಟರಿಗೆ 18 ರೂಪಾಯಿ 75 ಪೈಸೆ. ತುಳಿದದ್ದೂ ನಾನೇ.

ಈ ರಿಪೇರಿ ಏಕೆ ಫಲಿಸಲಿಲ್ಲ? ಫ್ರೇಮು 50ರಿಂದ 56ಕ್ಕೆ ಏರಿದರೆ ಅಡ್ಡ ಟ್ಯೂಬಿನ ಉದ್ದ ಸಾಮಾನ್ಯವಾಗಿ ಮೂರರಿಂದ ನಾಲ್ಕು ಸೆಂ.ಮೀ. ಹೆಚ್ಚುತ್ತದೆ. ಸ್ಟೆಮ್ಮಿನಲ್ಲಿ ಮೂರು ಕಳೆದೆ, ಕಾಗದದ ಮೇಲೆ ಸರಿಹೋಯಿತು. ಆದರೆ ಸ್ಟೆಮ್ಮು ಗಿಡ್ಡವಾದಷ್ಟೂ ಹ್ಯಾಂಡಲು ಚಂಚಲ. ಸೀಟನ್ನು ಮುಂದೆ ತಂದಷ್ಟೂ ಮೊಣಕಾಲು ಪೆಡಲಿಗಿಂತ ಮುಂದೆ ಹೋಗಿ ನೋಯುತ್ತದೆ. ಅಡ್ಡ ಟ್ಯೂಬಿನ ಎತ್ತರವಂತೂ ಯಾವ ಬೋಲ್ಟಿಗೂ ಬಗ್ಗುವುದಿಲ್ಲ. ಚಿಕ್ಕ ಫ್ರೇಮನ್ನು ಒಂದು ಮೆಟ್ಟಿಲು ಹಿಗ್ಗಿಸಬಹುದು: ಪೋಸ್ಟು ಎರಡು ಸೆಂ.ಮೀ. ಮೇಲೆ, ಸ್ಟೆಮ್ಮು ಒಂದು ಸೆಂ.ಮೀ. ಉದ್ದ. ದೊಡ್ಡದನ್ನು ಕುಗ್ಗಿಸಲು ಗರಗಸವೇ ಬೇಕು. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನೇ ಹಿಡಿಯಿರಿ ಎಂದು ನಾನು ಹೇಳುವುದು ಇದಕ್ಕೆ. ಬೆನ್ನು ಬಾಗದವರು ಮಾತ್ರ ಎರಡು ಸಲ ಯೋಚಿಸಬೇಕು. ಚಿಕ್ಕದರಲ್ಲಿ ಹ್ಯಾಂಡಲು ಸೀಟಿಗಿಂತ ಇನ್ನಷ್ಟು ಕೆಳಗೆ ಇಳಿಯುತ್ತದೆ.

ಸೂತ್ರಗಳನ್ನು ದೇವರ ಮಾತೆಂದು ಹಿಡಿಯಬೇಕಿಲ್ಲ. 0.883ರ ಪ್ರಕಾರ ನನ್ನ ಸೀಟು 67.1 ಸೆಂ.ಮೀ. ಎತ್ತರ, ಅದಕ್ಕೆ 17 ಸೆಂ.ಮೀ.ನ ಕ್ರ್ಯಾಂಕು ಸೇರಿಸಿದರೆ, ಕೆಳಗಿಳಿದ ಪೆಡಲಿನಿಂದ ಸೀಟಿಗೆ 84.1. ಆದರೆ 1967ರಲ್ಲಿ ಬ್ರಿಟನ್ನಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಕಂಡುಕೊಂಡದ್ದು ಒಳಗಾಲಿನ ಶೇ. 109, ನನಗೆ ಅದು 82.8. ಎರಡು ಪಂಡಿತ ಪಕ್ಷಗಳ ನಡುವೆ 1.3 ಸೆಂ.ಮೀ. ಜಗಳ. 56 ಮಾರಿದ ಮೇಲೆ ಕೊಂಡ ಬೈಕಿನಲ್ಲಿ ನಾನು ಕೆಳಗಿನದರಿಂದ ಶುರುಮಾಡಿ, ವಾರಕ್ಕೆ ಮೂರು ಮಿ.ಮೀ.ನಂತೆ ಏರಿಸಿ, ಸೊಂಟ ವಾಲತೊಡಗಿದ ಕೂಡಲೇ ಒಂದು ಗೆರೆ ಇಳಿಸಿದೆ. ಪೋಸ್ಟಿಗೆ ಈಗ ಉಗುರುಬಣ್ಣದ ಗುರುತು.

ಎತ್ತರ ನೋಡಿ ಸೈಜು ಹೇಳುವ ಪಟ್ಟಿಗಳ ಬಗ್ಗೆ ನನಗೆ ಅಷ್ಟೊಂದು ಮರ್ಯಾದೆಯಿಲ್ಲ. 170 ಸೆಂ.ಮೀ. ಎತ್ತರದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬನ ಒಳಗಾಲು 76, ಇನ್ನೊಬ್ಬನದು 81. ಮೊದಲನೆಯವನಿಗೆ 51 ಬಂದರೆ ಎರಡನೆಯವನಿಗೆ 54.3. ಪಟ್ಟಿಯಲ್ಲಿ ಇಬ್ಬರೂ ಒಂದೇ ಸಾಲು. 1997ರಲ್ಲಿ ತೈವಾನಿನ ಜೈಂಟ್ ಕಂಪನಿ ಮೈಕ್ ಬರೋಸ್ ವಿನ್ಯಾಸದ ಟಿಸಿಆರ್ ತಂದು ಅಡ್ಡ ಟ್ಯೂಬನ್ನು ಹಿಂದಕ್ಕೆ ಇಳಿಜಾರು ಮಾಡಿದ ಮೇಲೆ ಸೈಜುಗಳ ಸಂಖ್ಯೆ ಕಡಿಮೆಯಾಗಿ ಎಸ್, ಎಂ, ಎಲ್ ಎಂಬ ಅಂಗಿಯ ಅಕ್ಷರಗಳು ಬಂದವು. ಇಳಿಜಾರು ಒಳ್ಳೆಯದೇ, ಕಾಲೂರಲು ಜಾಗ ಕೊಡುತ್ತದೆ. ಆದರೆ ಸೀಟ್ ಟ್ಯೂಬಿನ ಸಂಖ್ಯೆಗೆ ಅರ್ಥ ಉಳಿಯಲಿಲ್ಲ, ಒಂದು ಕಂಪನಿಯ ಎಸ್ ಇನ್ನೊಂದರ ಎಂ ಆಯಿತು. ಈಗ ನೋಡಬೇಕಾದ್ದು ಎರಡು ಸಂಖ್ಯೆ. ಕ್ರ್ಯಾಂಕಿನ ಅಚ್ಚಿನಿಂದ ಫ್ರೇಮಿನ ಮುಂತಲೆಯ ತುದಿ ಎಷ್ಟು ಮುಂದಿದೆ ಎಂಬುದು ರೀಚ್, ಎಷ್ಟು ಮೇಲಿದೆ ಎಂಬುದು ಸ್ಟ್ಯಾಕ್. ನನ್ನ ಈಗಿನ ಬೈಕಿಗೆ ರೀಚ್ 37.5, ಸ್ಟ್ಯಾಕ್ 53 ಸೆಂ.ಮೀ. ಮುಂದೆ ಬೇರೆ ಕೊಂಡರೂ ಈ ಜೋಡಿಯನ್ನು ಹಿಡಿದೇ ಹುಡುಕುತ್ತೇನೆ.

ದುಡ್ಡಿನ ವಿಷಯದಲ್ಲಿ ಜನ ಲೆಕ್ಕ ಹಾಕುವುದು ಬೇರೆ ಕಡೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಮೂಲಬೆಲೆ 40,000 ಎಂದಿಟ್ಟುಕೊಂಡರೆ 44,800 ಆಗುತ್ತಿದ್ದದ್ದು 42,000ಕ್ಕೆ ಬಂತು, ಉಳಿತಾಯ 2,800. ಅದಕ್ಕಾಗಿ ಮೂರು ತಿಂಗಳು ಕಾದ ಗೆಳೆಯರಿದ್ದಾರೆ. ಸೈಜು ತಪ್ಪಿದ್ದಕ್ಕೆ ನಾನು ಕಳೆದುಕೊಂಡದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಸೈಜು ಕೇಳದೆ ಸೈಕಲ್ಲು ಕೊಡುವುದು, ಪಡೆಯುವುದು ನಮ್ಮಲ್ಲಿ ರೂಢಿಯೇ. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಸೈಕಲ್ಲು ಹುಡುಗರಿಗೊಂದು ಮಾದರಿ, ಹುಡುಗಿಯರಿಗೊಂದು ಮಾದರಿ. ಆ ತರಗತಿಯಲ್ಲಿ ನಾಲ್ಕಡಿ ಚಿಲ್ಲರೆಯ ಮಗುವೂ ಇರುತ್ತದೆ, ಐದೂವರೆ ಅಡಿಯದ್ದೂ. ಆದರೂ ಶಾಲೆಗೆ ತಲುಪಿಸಿತಲ್ಲ, ದೂರುವುದಿಲ್ಲ, ಐದಾರು ಕಿ.ಮೀ.ಗೆ ಮೈ ಹೊಂದಿಕೊಳ್ಳುತ್ತದೆ. ಎಪ್ಪತ್ತಕ್ಕೆ ಹೊಂದುವುದಿಲ್ಲ.

ಗೋಡೆಯ ಮೇಲೆ ನನ್ನ ಗೆರೆಯ ಕೆಳಗೆ ಈಗ ಇನ್ನೊಂದು ಗೆರೆಯಿದೆ. ಪೆನ್ಸಿಲ್ ಹಿಡಿದಿದ್ದ ಅಕ್ಕನ ಮಗಳಿಗೂ ರೋಡ್ ಬೈಕ್ ಬೇಕಂತೆ. ಎತ್ತರ 152 ಸೆಂ.ಮೀ., ಭಾರತದ ವಯಸ್ಕ ಹೆಂಗಸರ ಸರಾಸರಿ ಸುಮಾರು ಅಷ್ಟೇ. ಒಳಗಾಲು 70. ಫ್ರೇಮು 45.5ರಿಂದ 46.9, ಸೀಟು 61.8. ನೆದರ್ಲೆಂಡ್ಸಿನಲ್ಲಿ ಗಂಡಸರ ಸರಾಸರಿಯೇ 183ರ ಹತ್ತಿರ. ಅಂಥವರ ಮೈಗೆ ಹೊಂದುವ 700ಸಿ ಗಾಲಿಯನ್ನು 46ರ ಫ್ರೇಮಿಗೆ ತುರುಕಿದರೆ ಹೊಸದೊಂದು ತಕರಾರು ಹುಟ್ಟುತ್ತದೆ. ಕ್ರ್ಯಾಂಕು 16.5, ಪೆಡಲಿನ ಅಚ್ಚಿನಿಂದ ಮುಂದೆ ಚಾಚುವ ಬೂಟಿನ ತುದಿ 10, ಗಾಲಿಯ ತ್ರಿಜ್ಯ 33.6, ಕೂಡಿಸಿದರೆ 60.1. ನಾವು ನೋಡಲು ಹೋದ ಬೈಕಿನಲ್ಲಿ ಕ್ರ್ಯಾಂಕಿನ ಅಚ್ಚಿಗೂ ಮುಂಗಾಲಿಯ ಅಚ್ಚಿಗೂ ಇದ್ದದ್ದು 57.5. ಒರಟು ಲೆಕ್ಕದಲ್ಲಿ 2.6 ಸೆಂ.ಮೀ. ಜಾಗ ಸಾಲದು: ನಿಧಾನವಾಗಿ ತಿರುಗಿಸುವಾಗ ಬೂಟು ಟೈರಿಗೆ ತಾಗುತ್ತದೆ.

ಅದನ್ನು ಪರೀಕ್ಷಿಸಲೆಂದೇ ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದ್ದೆವು. ಅವಳ ಟಿಕೆಟ್ಟು ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆಯಲ್ಲಿ ಸೊನ್ನೆ, ನನ್ನದು ಪೂರ್ತಿ. ಅಂಗಡಿಯೊಳಗೆ ನಾನು ಹಿಂದೆ ಹಿಡಿದುಕೊಂಡೆ, ಅವಳು ಸೀಟಿಗೇರಿ ಪೆಡಲನ್ನು ಮುಂದೆ ತಂದು ಹ್ಯಾಂಡಲು ತಿರುಗಿಸಿದಳು. ಬೂಟಿನ ತುದಿ ಟೈರಿಗೆ ಸರಕ್ಕನೆ ಉಜ್ಜಿತು.

“ಮಾಮಾ, ಇದು ಆಗೂದಿಲ್ಲ.”

ಅಂಗಡಿಯವರು ಒಳಗಿಂದ 50ರದ್ದೊಂದು ತಂದು ನಿಲ್ಲಿಸಿದರು. ಮುಂಗಾಲಿ ದೂರವಿದೆ, ಬೂಟು ತಾಗುವುದಿಲ್ಲ, ಮೇಲಾಗಿ ಎರಡು ಸಾವಿರ ಕಡಿಮೆ ಎಂದರು. ಅವಳು ಚೀಲದಿಂದ ಟೇಪು ತೆಗೆದು ಅಡ್ಡ ಟ್ಯೂಬಿನ ಎತ್ತರ ಹಿಡಿದಳು, 74. ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. 584 ಮಿ.ಮೀ. ರಿಮ್ಮಿನ ಚಿಕ್ಕ ಗಾಲಿ ಇರುವ 46 ತರಿಸಬಹುದೇ ಎಂದು ಕೇಳಿದ್ದಕ್ಕೆ ಆರು ವಾರ ಎಂದಿದ್ದಾರೆ. ಮುಂಗಡ ಐದು ಸಾವಿರ ಕೊಟ್ಟು ಬಂದಿದ್ದೇವೆ.